ಒಂಬತ್ತನೆಯ ಕಾಲಮ್ಮಿನ ‘ಇಲ್ಲ’

ಎಕಂಬಾದ ಕಾಳಿನ ವ್ಯಾಪಾರಿ ನಮ್ಮ ಶಿಬಿರಕ್ಕೆ ಬಂದ ದಿನ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ಅವನದು ಏಳನೆಯದು. ನಾನು ಬಾಗಿಲಲ್ಲಿ ನಿಂತು ಹೆಸರು ಕೂಗಿದೆ. ಪಡಸಾಲೆಯ ಬೆಂಚಿನಿಂದ ಎದ್ದು ಬಂದವನನ್ನು ಕಂಡು, ಇವನೇ ಹೌದೋ ಅಲ್ಲವೋ ಎಂದು ಒಂದು ಗಳಿಗೆ ಅನುಮಾನವಾಯಿತು. ಏಳು ವರ್ಷದ ಹಿಂದೆ ನಾನು ನೋಡಿದ್ದ ಮನುಷ್ಯ ದಪ್ಪಗಿದ್ದ, ನಿಧಾನಕ್ಕೆ ನಡೆಯುತ್ತಿದ್ದ. ಈಗ ಅಂಗಿ ಅವನ ಹೆಗಲ ಮೇಲೆ ನೇತಾಡುತ್ತಿತ್ತು. ಕಣ್ಣುಗುಡ್ಡೆಗಳು ಹೊರಕ್ಕೆ ಬಂದಿದ್ದವು. ಬೆರಳು ಒಂದೇ ಸಮ ನಡುಗುತ್ತಿದ್ದವು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಬಾವು. ಆದರೆ ಹರಿದ ಎಡಗಿವಿ ಹಾಗೆಯೇ ಇತ್ತು. ಅವನೇ.

ಅವನಿಗೆ ನನ್ನ ಗುರುತು ಸಿಗಲಿಲ್ಲ. ಅವನು ನನ್ನನ್ನು ನೋಡಿದ್ದಾಗ ನನಗೆ ಹದಿನಾಲ್ಕು ವರ್ಷ, ಮೈಮೇಲೆ ಹರಕು ಪರಕಾರ. ಈಗ ಬಿಳಿ ಸೀರೆ, ಕನ್ನಡಕ, ಕೈಯಲ್ಲಿ ರಿಜಿಸ್ಟರು.

ಹೈದರಾಬಾದ್ ಸಂಸ್ಥಾನ ಒಡೆಯುತ್ತದೆ, ಬೀದರ ಯಾವ ಕಡೆ ಹೋಗುತ್ತದೋ ಎಂದು ಜನ ಹೋಟೆಲುಗಳಲ್ಲಿ ಕೂತು ಮಾತಾಡುತ್ತಿದ್ದ ಕಾಲ ಅದು. ಔರಾದ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಕುತ್ತಿಗೆ ಬಾವಿನವರು ಕಂಡುಬಂದರೆಂದು ಮುಂಬಯಿಯಿಂದ ಒಂದು ಸಣ್ಣ ತಂಡ ಬಂದಿತ್ತು. ಕೋಟೆಯ ಹತ್ತಿರ ಕೆಂಪು ಕಲ್ಲಿನ ಹಳೆಯ ಕಟ್ಟಡದಲ್ಲಿ ಎರಡು ಕೋಣೆ ಹಿಡಿದಿದ್ದೆವು. ತಂಡ ಎಂದರೆ ಮೂರೇ ಜನ. ಧಾರವಾಡದ ಕಡೆಯ ಡಾಕ್ಟರು, ಮುಂಬಯಿಯಲ್ಲಿ ಮೂರು ತಿಂಗಳು ವಿಕಿರಣ ಎಣಿಸುವ ಯಂತ್ರದ ಕೆಲಸ ಕಲಿತ ನರ್ಸು ನಾನು, ಮತ್ತು ಗಾಜಿನ ಸಾಮಾನು ತೊಳೆದು ರೋಗಿಗಳನ್ನು ನೋಡಿಕೊಳ್ಳುವ ಬೀದರಿನದೇ ಒಬ್ಬ ಮುದುಕ. ಅವನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು.

ಕೆಲಸ ಹೀಗಿತ್ತು. ವಿಕಿರಣ ಸೂಸುವ ಅಯೋಡಿನ್ ಸೀಸದ ಡಬ್ಬಿಯಲ್ಲಿ ರೈಲಿನ ಮೂಲಕ ಬರುತ್ತಿತ್ತು. ಎಂಟು ದಿನಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ, ಆದ್ದರಿಂದ ಬಂದ ದಿನದಿಂದಲೇ ಅವಸರ. ಪಿಪೆಟ್ಟಿನಿಂದ ಅಳೆದು ನೀರಿಗೆ ಬೆರೆಸಿ ರೋಗಿಗೆ ಕುಡಿಸಬೇಕು. ಅದೇ ಗ್ಲಾಸಿಗೆ ಎರಡು ಸಲ ನೀರು ಹಾಕಿ ಅದನ್ನೂ ಕುಡಿಸಬೇಕು, ಒಂದು ಹನಿ ಉಳಿಯಬಾರದು. ಮರುದಿನ ಅದೇ ಹೊತ್ತಿಗೆ ರೋಗಿಯನ್ನು ಮಲಗಿಸಿ, ಯಂತ್ರದ ನಳಿಗೆಯನ್ನು ಕುತ್ತಿಗೆಯಿಂದ ಒಂದು ಅಳತೆಯ ಕೋಲಿನಷ್ಟು ದೂರ ಇಟ್ಟು ಎಣಿಸಬೇಕು. ಆಮೇಲೆ ತೊಡೆಯ ಮೇಲೆ ಎಣಿಸಿ, ಮೈಯೆಲ್ಲ ಹರಡಿದ್ದನ್ನು ಕಳೆಯಬೇಕು. ಅಷ್ಟೇ ಅಳತೆಯ ಅಯೋಡಿನ್ ತುಂಬಿದ ಬಾಟಲಿಯನ್ನು ಮೇಣದಲ್ಲಿ ಮಾಡಿದ ನಕಲಿ ಕುತ್ತಿಗೆಯೊಳಗಿಟ್ಟು ಅದನ್ನೂ ಎಣಿಸಬೇಕು. ಎರಡನ್ನೂ ಹೋಲಿಸಿದರೆ ಕುಡಿಸಿದ್ದರಲ್ಲಿ ಥೈರಾಯ್ಡ್ ಗ್ರಂಥಿ ನೂರಕ್ಕೆ ಎಷ್ಟು ಎಳೆದುಕೊಂಡಿತು ಎಂದು ತಿಳಿಯುತ್ತದೆ. ಹೆಚ್ಚು ಎಳೆದರೆ ಗ್ರಂಥಿ ಕೆರಳಿದೆ ಎಂದು ಅರ್ಥ. ಕಡಿಮೆ ಎಳೆದರೆ ಕೆರಳಿಲ್ಲ.

ಇದೆಲ್ಲ ಸರಿಯಾಗಬೇಕಾದರೆ ಮೊದಲು ಒಂದು ಪ್ರಶ್ನೆ ಕೇಳಬೇಕು. ರಿಜಿಸ್ಟರಿನ ಒಂಬತ್ತನೆಯ ಕಾಲಂ ಅದಕ್ಕೇ ಇತ್ತು: ಕಳೆದ ಆರು ವಾರಗಳಲ್ಲಿ ಅಯೋಡಿನ್ ಇರುವ ಔಷಧ ತಗೊಂಡಿದ್ದಾರೆಯೇ? ತಗೊಂಡಿದ್ದರೆ ಗ್ರಂಥಿ ಆಗಲೇ ತುಂಬಿರುತ್ತದೆ, ನಾವು ಕುಡಿಸಿದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಷ್ಟೇ ಕೆರಳಿದ ಗ್ರಂಥಿಯೂ ಯಂತ್ರದ ಮುಂದೆ ತಣ್ಣಗೆ ಕಾಣುತ್ತದೆ.

ವ್ಯಾಪಾರಿಯ ಕುತ್ತಿಗೆ ಅಳೆಯಲು ನಾನು ಟೇಪು ಸುತ್ತಿದೆ. ಕಾಲರಿನ ಕೆಳಗೆ ಕಂದು ಕಲೆ ಇತ್ತು. ಆ ಬಣ್ಣ, ಆ ವಾಸನೆ ನನಗೆ ಚೆನ್ನಾಗಿ ಗೊತ್ತು, ಅಯೋಡಿನ್ನಿನದು. ಅವನೇ ಬಾಯಿ ತೆರೆದ.

“ಅಕ್ಕೋರ, ನಮ್ಮ ಕಡಿ ಒಬ್ಬ ಕಂಪೌಂಡರ ಹಾಲಿನಾಗ ಹಾಕ್ಕೊಂಡು ಕುಡೀಲಿಕ್ಕಿ ಒಂದು…”

“ಕೇಳಿದ್ದಕ್ಕಷ್ಟೇ ಹೇಳ್ರಿ,” ಎಂದೆ.

ಅವನು ಕಾಲರು ಸರಿಮಾಡಿಕೊಂಡ. ನಾನು ಆ ಪ್ರಶ್ನೆ ಕೇಳಲಿಲ್ಲ. ಒಂಬತ್ತನೆಯ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದೆ.

ಯಾಕೆ ಬರೆದೆ ಎಂಬುದನ್ನು ಹೇಳಬೇಕು. ನಮ್ಮದು ಠಾಣಾ ಕುಶನೂರ. ಅಪ್ಪ ಕುರಿ ಮೇಯಿಸುತ್ತಿದ್ದ. ನಿಜಾಮನ ಕಡೆಯ ರಜಾಕಾರರ ಕಾಲದಲ್ಲಿ ಈ ವ್ಯಾಪಾರಿ ಅವರ ಠಾಣ್ಯಕ್ಕೆ ಗಾಡಿಗಟ್ಟಲೆ ಜೋಳ ಸಾಗಿಸುತ್ತಿದ್ದ. ಹಾದಿಯ ಬದಿಯಲ್ಲಿ ಕುರಿ ಬಿಟ್ಟಿದ್ದ ಅಪ್ಪ ಅದನ್ನು ಮೂರು ಸಲ ಕಂಡಿದ್ದ. ಕಂಡದ್ದು ಇವನಿಗೂ ಗೊತ್ತಿತ್ತು. ಪೊಲೀಸ್ ಆ್ಯಕ್ಷನ್ ಆಯಿತು, ಮಿಲಿಟ್ರಿಯವರು ಬಂದರು, ರಜಾಕಾರರಿಗೆ ನೆರವಾದವರು ಯಾರೆಂದು ನಮ್ಮೂರ ಚಾವಡಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಅಪ್ಪ ಬಾಯಿ ಬಿಡುವ ಮೊದಲೇ, ಅಂದು ಕಾಳು ಕೊಳ್ಳಲು ನಮ್ಮೂರಿಗೆ ಬಂದಿದ್ದ ಇವನು ಮುಂದೆ ಬಂದು ಬೆರಳು ಮಾಡಿದ. “ಈ ಕುರಿಯವ. ಹಾದಿ ತೋರಿಸಿದವ ಇವನೇ.”

ಅಪ್ಪ “ನಾನಲ್ರಿ” ಎಂದ. ಎರಡು ಸಲ ಅಂದ. ಊರು ಸುಮ್ಮನೆ ನಿಂತಿತ್ತು. ಅವನನ್ನು ಭಾಲ್ಕಿಗೆ ಒಯ್ದರು, ಅಲ್ಲಿಂದ ಬೀದರಿಗೆ. ಐದು ತಿಂಗಳ ಮೇಲೆ ಬಿಟ್ಟರು. ಬಂದವನು ಕೋಲೂರಿ ಬಂದ, ಮುಂದಿನ ಜೋಳದ ಸುಗ್ಗಿ ನೋಡಲಿಲ್ಲ. ಅವನು ಸತ್ತ ಮೇಲೂ ಅವ್ವನನ್ನು ಬಾವಿಕಟ್ಟೆಯಲ್ಲಿ ಹೆಂಗಸರು ‘ರಜಾಕಾರನ ಹೆಂಡತಿ’ ಎನ್ನುತ್ತಿದ್ದರು. ಜೋಳ ಸಾಗಿಸಿದವನು ಊರಿಂದೂರಿಗೆ ಗೌರವದಿಂದ ಓಡಾಡಿಕೊಂಡಿದ್ದ.

ಮರುದಿನ ವ್ಯಾಪಾರಿ ಬಂದ, ಮಲಗಿದ. ಯಂತ್ರದ ಎಣಿಕೆ ಗುಂಡಿ ಒತ್ತಿದೆ. ಬೇರೆಯವರ ಕುತ್ತಿಗೆಯ ಮೇಲೆ ಟಕಟಕ ಓಡುತ್ತಿದ್ದ ಅಂಕಿಗಳು ಇವನ ಮೇಲೆ ತೂಕಡಿಸಿದವು. ಲೆಕ್ಕ ಹಾಕಿದೆ: ನೂರಕ್ಕೆ ಆರು.

ಡಾಕ್ಟರು ಕಾಗದ ನೋಡಿದರು, ಅವನ ಕೈ ನೋಡಿದರು, ಮತ್ತೆ ಕಾಗದ ನೋಡಿದರು. “ಲಕ್ಷಣ ನೋಡಿದ್ರ ಎಪ್ಪತ್ತು ಇರಬೇಕಿತ್ತು,” ಎಂದರು. ಅಂಕಿಯನ್ನು ಅಲ್ಲಗಳೆಯಲು ಅವರಲ್ಲಿ ಕಾರಣವಿರಲಿಲ್ಲ. ಹೃದಯದ ತೊಂದರೆ ಇರಬಹುದು ಎಂದು ಒಂದಿಷ್ಟು ಗುಳಿಗೆ ಕೊಟ್ಟು ಊರಿಗೆ ಕಳಿಸಿದರು. ಅವನು ಮೆಟ್ಟಿಲು ಇಳಿಯುವಾಗ ಎರಡು ಕಡೆ ನಿಂತು ಉಸಿರು ತಗೊಂಡ. ನಾನು ಕಿಟಕಿಯಿಂದ ಪೂರ್ತಿ ನೋಡಿದೆ. ಈ ಬೇನೆಗೆ ಮದ್ದು ಬೀಳದಿದ್ದರೆ ಎದೆ ಎಷ್ಟು ದಿನ ತಡೆಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರು ತಿಂಗಳು, ಹೆಚ್ಚೆಂದರೆ ವರ್ಷ. ಅಪ್ಪನಿಗೆ ಸಿಕ್ಕಿದ್ದೂ ಹೆಚ್ಚು ಕಡಿಮೆ ಅಷ್ಟೇ. ನನಗೆ ಅಂಜಿಕೆಯಾಗಲಿಲ್ಲ. ಅಂದು ಎರಡು ರೊಟ್ಟಿ ಹೆಚ್ಚು ಉಂಡೆ.

ಡಾಕ್ಟರು ಬಿಡುವ ಮನುಷ್ಯರಾಗಿರಲಿಲ್ಲ. ಮರುದಿನ ಬೆಳಿಗ್ಗೆ ಯಂತ್ರದ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನೋಡಿದರು, ಸರಿ ಇತ್ತು. ಮೇಣದ ಕುತ್ತಿಗೆ ಎಣಿಸಿದರು, ಸರಿ ಇತ್ತು. ಅದೇ ಡಬ್ಬಿಯ ಅಯೋಡಿನ್ ಕುಡಿದ ಉಳಿದ ಹತ್ತು ಜನರ ಅಂಕಿ ಒಪ್ಪುವಂತಿತ್ತು. ಹಾಗಾದರೆ ಇವನೊಬ್ಬನ ಹೊಟ್ಟೆಗೆ ಅಯೋಡಿನ್ ಪೂರ್ತಿ ಹೋಗಿಲ್ಲ ಎಂದು ತೀರ್ಮಾನಿಸಿದರು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ತಗೊಂಡು ನೆಲ, ಮೇಜು, ಬಾಗಿಲು ಎಲ್ಲ ಹುಡುಕಿದರು. ಕೈ ತೊಳೆಯುವ ಮೋರಿಯ ಹತ್ತಿರ ಅದು ಜೋರಾಗಿ ಕಿಟಕಿಟ ಎಂದಿತು.

ಗ್ಲಾಸು ರೋಗಿಯ ಕೈಗೆ ಕೊಡುತ್ತಿದ್ದವನು ಚಾಚಾ.

“ಇಲ್ಲಿ ಚೆಲ್ಲೀರಿ,” ಎಂದರು ಡಾಕ್ಟರು. “ಚೆಲ್ಲಿ, ಬರೇ ನೀರು ತುಂಬಿ ಕೊಟ್ಟೀರಿ.”

“ನಾ ಚೆಲ್ಲಿಲ್ರಿ ಸಾಹೇಬ್ರ.”

“ಮತ್ತ ಮೋರಿಗೆ ಹ್ಯಾಂಗ ಬಂತು?”

ಅದು ಹೇಗೆಂದು ನನಗೆ ಗೊತ್ತಿತ್ತು. ಪಿಪೆಟ್ಟುಗಳನ್ನು ಆ ಮೋರಿಯಲ್ಲಿ ತೊಳೆಯುತ್ತಿದ್ದವಳು ನಾನೇ. ಮುದುಕ ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಒರೆಸಿಕೊಂಡ, ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. “ನಾ ಅಲ್ರಿ,” ಎಂದ.

ಚಾಚಾನ ಅಣ್ಣ ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ ಭಾಲ್ಕಿ ಕಡೆ ಹೋದವನು ಮರಳಿ ಬಂದಿರಲಿಲ್ಲ. ಚಾಚಾ ಅದನ್ನು ನನಗೆ ಹೇಳಿರಲಿಲ್ಲ, ಎದುರು ಮನೆಯ ಟೇಲರು ಹೇಳಿದ್ದ. ಡಾಕ್ಟರು ನಾಳೆಯಿಂದ ಬರಬೇಡಿ ಎಂದರು. ಮೇಲಿನವರಿಗೂ ಬರೆಯುತ್ತೇನೆ ಎಂದರು. ಚಾಚಾ ಮೂಲೆಯಲ್ಲಿದ್ದ ತನ್ನ ಊಟದ ಡಬ್ಬಿ ತಗೊಳ್ಳಲು ಹೋದ.

ಆ ಹೊತ್ತಿನಲ್ಲಿ ನನ್ನ ಒಳಗೆ ದೊಡ್ಡ ನ್ಯಾಯವೇನೂ ಹುಟ್ಟಲಿಲ್ಲ. ಸಿಟ್ಟೇ ಬಂತು. ಎಕಂಬಾದವನು ಇಲ್ಲಿಯೂ ತನ್ನ ಪಾಲಿನದನ್ನು ಬೇರೆಯವನ ತಲೆಗೆ ಕಟ್ಟಿ ಹೋದನಲ್ಲ, ಅದೂ ಈ ಸಲ ನನ್ನ ಕೈಯಿಂದ.

“ಡಾಕ್ಟರ, ಚಾಚಾ ಚೆಲ್ಲಿಲ್ಲ,” ಎಂದೆ. “ಆ ರೋಗಿ ಅಯೋಡಿನ್ ಕುಡೀತಿದ್ದ. ಕುತ್ತಿಗೆಗೂ ಹಚ್ಚಿದ್ದ. ನಾ ನೋಡೀನಿ. ನಾ ಕೇಳಲಿಲ್ಲ, ‘ಇಲ್ಲ’ ಅಂತ ಬರದೀನಿ.”

ಡಾಕ್ಟರು ರಿಜಿಸ್ಟರು ತೆರೆದು ನನ್ನ ಅಕ್ಷರ ನೋಡಿದರು. ಕಾರಣ ಕೇಳಿದರು. ಹೇಳಿದೆ, ನಾಲ್ಕೇ ಮಾತಿನಲ್ಲಿ. ಅವರು ರಿಜಿಸ್ಟರು ಮುಚ್ಚಿದರು. ಆಮೇಲೆ ಚಾಚಾನನ್ನು ಒಳಗೆ ಕರೆದರು.

“ಇವರ ಮುಂದ ಇನ್ನೊಮ್ಮೆ ಹೇಳ್ರಿ ಸಿಸ್ಟರ್. ಎಲ್ಲಾ.”

ಹೇಳಿದೆ. ಚಾಚಾ ನನ್ನ ಮುಖ ನೋಡಲಿಲ್ಲ. “ಗ್ಲಾಸ ತೊಳೀಬೇಕಾಗ್ಯಾವ,” ಎಂದು ಹೊರಗೆ ಹೋದ. ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಅದಕ್ಕೆ ಮೊದಲು ನನ್ನನ್ನು ಬೇಟಿ ಎನ್ನುತ್ತಿದ್ದ. ಆಮೇಲೆ ಎಂದೂ ಅನ್ನಲಿಲ್ಲ.

“ನಿಮ್ಮನ್ನ ಮುಂಬಯಿಗೆ ವಾಪಸ್ ಕಳಸ್ಬೇಕು,” ಎಂದರು ಡಾಕ್ಟರು. “ಎಣಿಸೋರು ಬೇರೆ ಯಾರೂ ಇಲ್ಲ, ಅದಕ್ಕ ಇಟ್ಕೊಂಡೀನಿ. ನಾಳೆ ಜೀಪಿನಾಗ ಎಕಂಬಾಕ್ಕ ಹೋಗ್ರಿ. ಆ ಪ್ರಶ್ನೆ ಕೇಳ್ರಿ. ಅಯೋಡಿನ್ ನಿಲ್ಲಸ್ರಿ. ಆರು ವಾರ ಬಿಟ್ಟು ಮತ್ತೊಮ್ಮೆ ಎಣಸೋಣು.”

“ನಿಲ್ಲಿಸಿದ್ರ ಬ್ಯಾನಿ ಜಾಸ್ತಿ ಆಗ್ತದೇನ್ರಿ?”

“ಆಗ್ತದ. ಆ ಅಯೋಡಿನ್ ಅದನ್ನ ಒಂದಿಷ್ಟು ಹಿಡದಿಟ್ಟಿತ್ತು. ನಿದ್ದಿಗೆ ಗುಳಿಗಿ ಕೊಡ್ತೇನಿ, ಆದ್ರ ತ್ರಾಸ ತಪ್ಪಂಗಿಲ್ಲ. ಬ್ಯಾರೆ ದಾರಿ ಇಲ್ಲ.”

ನನಗೆ ಬೇಕಾದದ್ದು, ಅವನ ನರಳಾಟ, ನನ್ನ ಕೆಲಸದ ನಿಯಮದಲ್ಲೇ ಬರೆದಿತ್ತು ಎಂದು ಆಗ ತಿಳಿಯಿತು.

ಔರಾದ ದಾಟಿ ಎಕಂಬಾ ಮುಟ್ಟಿದಾಗ ಬಿಸಿಲು ಏರಿತ್ತು. ವ್ಯಾಪಾರಿ ಪಡಸಾಲೆಯಲ್ಲಿ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂತಿದ್ದ. ಅವನ ಹೆಂಡತಿ ಬೀಸಣಿಗೆ ಬೀಸುತ್ತಿದ್ದಳು. ನಾನು ರಿಜಿಸ್ಟರು ತೆರೆದು ಪ್ರಶ್ನೆ ಕೇಳಿದೆ. ಅವನು ಅವತ್ತೇ ಹೇಳಲು ಹೊರಟಿದ್ದನ್ನು ಈಗ ಹೇಳಿದ. ದಿನಕ್ಕೆ ಹತ್ತು ಹನಿ, ಹಾಲಿನಲ್ಲಿ, ಮೂರು ತಿಂಗಳಿಂದ. ಹೆಂಡತಿ ಒಳಗಿನಿಂದ ಬಾಟಲಿ ತಂದಳು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ.

“ಇದು ಬಿಟ್ರ ನಂಗ ತಡಿಯಾಂಗಿಲ್ರಿ ಅಕ್ಕೋರ,” ಎಂದ ಅವನು. “ಎದಿ ಹಾರತದ.”

“ಆರು ವಾರ ಬಿಡಬೇಕು. ಆಮ್ಯಾಲ ಬೀದರಿಗೆ ಬರ್ರಿ. ನಾನೇ ಔಷಧ ಕುಡಿಸ್ತೇನಿ.” ಆಮೇಲೆ ಹೇಳಿದೆ: “ನಂದು ಠಾಣಾ ಕುಶನೂರ. ನಿಮ್ಮ ಬೆರಳಿನ ಮುಂದ ನಿಂತಿದ್ದ ಕುರಿಯವನ ಮಗಳು ನಾ.”

ಬೀಸಣಿಗೆ ನಿಂತಿತು. ಅವನ ಹೊರಬಿದ್ದ ಕಣ್ಣು ನನ್ನ ಚೀಲದ ಮೇಲೆ, ಬಾಟಲಿಯ ಮೇಲೆ ನೆಟ್ಟಿತು. ಸೇಡಿಗಾಗಿಯೇ ಮದ್ದು ಕಿತ್ತುಕೊಂಡೆ ಎಂದು ಅವನಿಗೆ ಅನ್ನಿಸಿದ್ದು ನನಗೆ ಗೊತ್ತಾಯಿತು. ಡಾಕ್ಟರ ಸಹಿ ಮತ್ತು ಮೊಹರಿನ ಚೀಟಿ ನನ್ನ ಚೀಲದಲ್ಲೇ ಇತ್ತು, ಇದು ಅವರ ಅಪ್ಪಣೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ನಾನು ತಕ್ಷಣ ತೆಗೆಯಲಿಲ್ಲ. ನೀರು ಕೇಳಿದೆ, ಕುಡಿದೆ, ಚಪ್ಪಲಿ ಮೆಟ್ಟಿಕೊಂಡೆ. ಅಷ್ಟರವರೆಗೂ ಅವನು ಹೆದರಲಿ ಎಂದು ಬಿಟ್ಟೆ. ಹೊರಡುವಾಗ ಚೀಟಿಯನ್ನೂ ನಿದ್ದೆಯ ಗುಳಿಗೆಯನ್ನೂ ಅವನ ಹೆಂಡತಿಯ ಕೈಗೆ ಕೊಟ್ಟೆ.

ಆ ಆರು ವಾರ ನನಗೆ ಹಬ್ಬದಂತೆ ಹೋದವು ಎಂದರೆ ಸುಳ್ಳಲ್ಲ. ಎಕಂಬಾದ ಹತ್ತಿರದ ಡಾಬಕಾದಿಂದ ಬರುತ್ತಿದ್ದ ಹೆಂಗಸರು ಸುದ್ದಿ ತರುತ್ತಿದ್ದರು. ಸಾವ್ಕಾರ ಕೂತಲ್ಲಿ ಕೂಡುವುದಿಲ್ಲವಂತೆ. ಬೆವರಿಗೆ ಅಂಗಿ ಬದಲಿಸಿ ಬದಲಿಸಿ ಹೆಂಡತಿ ಸೋತಿದ್ದಾಳಂತೆ. ತುತ್ತು ಎತ್ತಿದರೆ ಅರ್ಧ ಕೆಳಗೆ ಬೀಳುತ್ತದಂತೆ. ನಾನು ಎಣಿಕೆ ಬರೆಯುತ್ತ ಕೇಳಿಸಿಕೊಳ್ಳುತ್ತಿದ್ದೆ, ಇನ್ನೂ ಏನಾದರೂ ಹೇಳಲಿ ಎಂದು ಅವರನ್ನು ಒಂದಿಷ್ಟು ಹೊತ್ತು ಹೆಚ್ಚಿಗೆ ಕೂಡಿಸುತ್ತಿದ್ದೆ. ಆದರೆ ಕೆಲಸದಲ್ಲಿ ತಪ್ಪಲಿಲ್ಲ. ಒಂಬತ್ತನೆಯ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಎರಡೆರಡು ಸಲ ಕೇಳಿದೆ. ಎಕಂಬಾದ ಇನ್ನಿಬ್ಬರು ಅದೇ ಕಂಪೌಂಡರನ ಹನಿ ಕುಡಿಯುತ್ತಿದ್ದದ್ದು ಹಾಗೆ ಸಿಕ್ಕಿತು.

ಹೊಸ ಡಬ್ಬಿ ಬಂದ ವಾರ ಅವನು ಗಾಡಿಯಲ್ಲಿ ಬಂದ. ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದರು. ನಾನು ಅಳೆದು ಬೆರೆಸಿ ಗ್ಲಾಸು ಮೇಜಿನ ಮೇಲಿಟ್ಟೆ. ಅವನು ಮುಟ್ಟಲಿಲ್ಲ.

“ಇದರಾಗ ಏನದ?”

“ಹೋದ ಸಲ ಕುಡಿದದ್ದೇ.”

“ಹೋದ ಸಲ ನೀ ಯಾರಂತ ನಂಗ ಗೊತ್ತಿರಲಿಲ್ಲ.”

“ನಂಗ ಗೊತ್ತಿತ್ತು,” ಎಂದೆ.

ಅವನು ಬಾಗಿಲ ಕಡೆ ನೋಡಿದ. ಡಾಕ್ಟರು ಆಚೆ ಕೋಣೆಯಲ್ಲಿದ್ದರು, ಚಾಚಾ ಪಡಸಾಲೆಯಲ್ಲಿ. ಅವನು ಧ್ವನಿ ಇಳಿಸಿದ. ಬಾವು ಗಂಟಲು ಒತ್ತಿ ಧ್ವನಿ ಮೊದಲೇ ಒಡೆದಿತ್ತು, ನಾನು ಬಗ್ಗಿ ಕೇಳಬೇಕಾಯಿತು.

“ನಿಮ್ಮಪ್ಪ ಏನೂ ಮಾಡಿರಲಿಲ್ಲ. ನನ್ನ ಹೆಸರು ಹೇಳ್ತಾನಂತ ಅಂಜಿದ್ದೆ. ಅದಕ್ಕ ಅಂದೆ.”

ಏಳು ವರ್ಷದಿಂದ ಕಾದಿದ್ದ ಮಾತು. ಕೇಳಿದ ಮೇಲೆ ನನಗೆ ಏನೋ ಆಗಬೇಕಿತ್ತು, ಆಗಲಿಲ್ಲ. ಒಬ್ಬಳ ಕಿವಿಗೆ ಹೇಳಿ ಅವನು ಹಗುರಾದ, ಅಷ್ಟೇ.

“ಕುಡೀರಿ,” ಎಂದೆ. “ಹೊತ್ತಾದ್ರ ಲೆಕ್ಕ ಕೆಡ್ತದ.”

ಅವನ ಕೈಯಲ್ಲಿ ಗ್ಲಾಸು ನಿಲ್ಲಲಿಲ್ಲ. ನಾನು ಚಾಚಾನನ್ನು ಕರೆದೆ. ಚಾಚಾ ಬಂದು, ಅವನ ತಲೆಯ ಹಿಂದೆ ಒಂದು ಕೈ ಕೊಟ್ಟು, ಒಂದು ಹನಿ ಚೆಲ್ಲದಂತೆ ಕುಡಿಸಿದ. ಎರಡು ಸಲ ನೀರು ಹಾಕಿ ಅದನ್ನೂ ಕುಡಿಸಿದ. ಕುಡಿಸಿದ ಖಾಲಿ ಗ್ಲಾಸನ್ನು ನನ್ನ ಕಣ್ಣಿನ ಮುಂದೆ ಹಿಡಿದು ತೋರಿಸಿ ಹೋದ.

ಮರುದಿನ ಅಂಕಿಗಳು ಓಡಿದವು. ನೂರಕ್ಕೆ ಎಪ್ಪತ್ತೆಂಟು. ಡಾಕ್ಟರು ಮುಂಬಯಿಯಿಂದ ಗ್ರಂಥಿಯನ್ನು ತಣಿಸುವ ಗುಳಿಗೆ ತರಿಸಿದರು, ದಿನಕ್ಕೆ ಮೂರು ಸಲ, ತಿಂಗಳುಗಟ್ಟಲೆ. ತಿಂಗಳಿಗೊಮ್ಮೆ ಬಂದು ತೂಕ, ನಾಡಿ, ಕುತ್ತಿಗೆ ತೋರಿಸಬೇಕು ಎಂದರು.

ಆ ಭಾನುವಾರ ಊರಿಗೆ ಹೋದೆ. ಅವ್ವ ಹೊರಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ಅವನು ಹೇಳಿದ ಮಾತನ್ನು ಅವಳ ಮುಂದೆ ಇಟ್ಟೆ. ಅವಳು ಉಣ್ಣೆಯಿಂದ ಕೈ ತೆಗೆಯಲಿಲ್ಲ.

“ಯಾರ್‍ಯಾರು ಕೇಳ್ಯಾರ?”

“ನಾ ಒಬ್ಬಾಕಿ.”

“ಔಷಧ ಕೊಟ್ಟ್ಯಾ?”

“ಕೊಟ್ಟೆ.”

“ನೀ ಒಬ್ಬಾಕಿ ಕೇಳಿದ್ರ ಸಾಲಂಗಿಲ್ಲ,” ಎಂದಳು. “ನಿಮ್ಮಪ್ಪನ್ನ ಒಯ್ಯೂ ಮುಂದ ಊರೇ ನಿಂತಿತ್ತು.”

ಆಮೇಲೆ ಊಟಕ್ಕೆ ಕರೆದಳು.

ಮೂರು ತಿಂಗಳು ಅವನು ಬೀದರಿಗೆ ಬಂದ. ಮೊದಲು ತೂಕ ಏರಿತು, ಆಮೇಲೆ ಕೈಯ ನಡುಕ ನಿಂತಿತು, ಆಮೇಲೆ ಧ್ವನಿ ತಿಳಿಯಾಯಿತು. ನಾಲ್ಕನೆಯ ತಿಂಗಳಿಗೆ ನಾವು ಹಳ್ಳಿಗಳಿಗೇ ಹೋಗಿ ಹಳೆಯ ರೋಗಿಗಳನ್ನು ನೋಡುವುದೆಂದಾಯಿತು. ಯಂತ್ರ ಬೇಡ, ತಕ್ಕಡಿ, ಟೇಪು, ಗಡಿಯಾರ ಸಾಕು. ಯಾರು ಎಲ್ಲಿ ಬರಬೇಕು ಎಂದು ಚೀಟಿ ಬರೆಯುವ ಕೆಲಸ ನನ್ನದು. ಎಕಂಬಾದ ಉಳಿದವರಿಗೆ ಔರಾದ ಎಂದು ಬರೆದೆ. ಅವನ ಚೀಟಿಯ ಮೇಲೆ ಬರೆದೆ: ಠಾಣಾ ಕುಶನೂರ, ಚಾವಡಿ, ಬುಧವಾರ ಬೆಳಿಗ್ಗೆ.

ಡಾಕ್ಟರು ಸಹಿ ಮಾಡುವಾಗ ಪೆನ್ನು ನಿಲ್ಲಿಸಿದರು. “ಇವರಿಗೆ ಕುಶನೂರ ಯಾಕ?”

ನಾನು ಉತ್ತರ ಕೊಡಲಿಲ್ಲ. ಇನ್ನೊಂದು ಸುಳ್ಳು ಅವರಿಗೆ ಹೇಳಬಾರದು ಎಂದು ನಿಶ್ಚಯಿಸಿದ್ದೆ. ಅವರು ನನ್ನ ಮುಖ ನೋಡಿದರು. “ಮೊದಲ ಅವರನ್ನ ಪೂರ್ತಿ ಪರೀಕ್ಷೆ ಮಾಡ್ರಿ,” ಎಂದು ಸಹಿ ಮಾಡಿದರು.

ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಗುಳಿಗೆ ನಮ್ಮ ಹತ್ತಿರ ಮಾತ್ರ ಇತ್ತು, ಬಾರದೆ ಇರಲು ಅವನಿಗೆ ಧೈರ್ಯವಿರಲಿಲ್ಲ. ಚಾವಡಿಯ ಕಟ್ಟೆಯ ಮೇಲೆ, ಕೆಳಗೆ, ಎದುರಿನ ಬೇವಿನ ನೆರಳಿನಲ್ಲಿ ಅವ್ವ ಹೇಳಿ ಕರೆಸಿದ್ದ ಊರಿನ ಜನ ಇದ್ದರು. ಯಾಕೆ ಬಂದಿದ್ದಾರೆ ಎಂದು ಅವನು ಕೇಳಲಿಲ್ಲ. ನಾನು ತೂಗಿದೆ, ಕುತ್ತಿಗೆ ಅಳೆದೆ, ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. ಎಂಬತ್ತು. ಮುಂದಿನ ಎರಡು ತಿಂಗಳ ಗುಳಿಗೆಯನ್ನು ಎಣಿಸಿ ಮೊದಲೇ ಅವನ ಕೈಗೆ ಕೊಟ್ಟೆ. ಅದನ್ನು ಹಿಡಿದಿಟ್ಟು ನಿಜ ಹೇಳಿಸುವುದು ನನಗೆ ಬೇಕಾಗಿರಲಿಲ್ಲ.

“ಎಲ್ಲಾ ಸರಿ ಅದರಿ. ಹೋಗಬಹುದು,” ಎಂದೆ. “ಅಲ್ಲಿ ನಮ್ಮವ್ವ ಕೂತಾಳ.”

ಅವನು ಎದ್ದ. ಗಾಡಿ ನಿಂತದ್ದು ಎಡಕ್ಕೆ, ಅವ್ವ ಕೂತದ್ದು ಬಲಕ್ಕೆ. ಒಂದಿಷ್ಟು ಹೊತ್ತು ನಿಂತೇ ಇದ್ದ. ಆಮೇಲೆ ಬಲಕ್ಕೆ ನಾಲ್ಕು ಹೆಜ್ಜೆ ಇಟ್ಟು, ತಲೆ ತಗ್ಗಿಸಿ, ಏನೋ ಅಂದ.

“ಕೇಳ್ಲಿಲ್ರಿ ಸಾವ್ಕಾರ್ರ,” ಎಂದಳು ಅವ್ವ. “ಈಗ ಆರಾಮ ಆಗೀರಲ್ಲ. ಜೋರಾಗಿ ಹೇಳ್ರಿ.”

ಅವನು ತಲೆ ಎತ್ತಿ ಹೇಳಿದ. ಕುರಿಯವನು ಹಾದಿ ತೋರಿಸಿರಲಿಲ್ಲ, ಜೋಳ ಸಾಗಿಸಿದವನು ತಾನು, ಸುಳ್ಳು ಹೇಳಿದವನೂ ತಾನು. ಧ್ವನಿ ಸ್ಪಷ್ಟವಾಗಿತ್ತು, ಬೇವಿನ ಗಿಡದ ಆಚೆಗೂ ಮುಟ್ಟಿತು. ಅಷ್ಟರಲ್ಲಿ ಬಾವಿಯ ಕಡೆಯಿಂದ ನಾಲ್ಕೈದು ಹೆಂಗಸರು ಕೊಡ ಹೊತ್ತು ಬರುತ್ತಿದ್ದರು. ಅವ್ವ ಅವರು ಬಂದು ಕೊಡ ಇಳಿಸುವವರೆಗೆ ಕಾದಳು. ಆಮೇಲೆ ಅವನ ಕಡೆ ತಿರುಗಿದಳು.

“ಇವರು ಕೇಳಿಲ್ಲ,” ಎಂದಳು. “ಇನ್ನೊಮ್ಮೆ.”